ವರ್ಷಭವಿಷ್ಯವೆಂಬ ಗದ್ಯಪ್ರಕಾರ

ಮುಂದಿನ ಸಂವತ್ಸರದಲ್ಲಿ ಏನಾಗುವುದೆಂಬುದನ್ನು ಹಿಂದಿನ ಸಂವತ್ಸರದ ಕೊನೆಯಲ್ಲಿಯೇ ತಿಳಿಯಬೇಕೆಂಬ ಕುತೂಹಲವು ಮನುಷ್ಯನಿಗೆ ಸಹಜವಾದುದು. ಈ ಕುತೂಹಲವನ್ನು ತಣಿಸುವುದಕ್ಕಾಗಿ ಹುಟ್ಟಿದ ಬರಹವು ಈಗ ಒಂದು ಪ್ರತ್ಯೇಕ ಗದ್ಯಪ್ರಕಾರವಾಗಿಯೇ ಬೆಳೆದು ನಿಂತಿದೆ. ನವೆಂಬರ್, ಡಿಸೆಂಬರ್ ತಿಂಗಳುಗಳು ಬಂದುವೆಂದರೆ, ಬರುವ ವರ್ಷ ಜನರು ಯಾವ ಬಣ್ಣದ ಬಟ್ಟೆಯನ್ನು ಉಡುವರು, ಯಾವ ಯಂತ್ರವನ್ನು ಕೊಳ್ಳುವರು, ಯಾವ ಆಹಾರವನ್ನು ಮೆಚ್ಚುವರು, ಯಾವ ಬಗೆಯ ಚಲಚ್ಚಿತ್ರವನ್ನು ನೋಡುವರು ಎಂಬುದನ್ನು ಸಾರುವ ಪಟ್ಟಿಗಳು ವೃತ್ತಪತ್ರಿಕೆಗಳಲ್ಲಿಯೂ ವರ್ತಕಸಂಸ್ಥೆಗಳ ವರದಿಗಳಲ್ಲಿಯೂ ತುಂಬಿಹೋಗುತ್ತವೆ. ಇದು ಸಾಹಿತ್ಯವೇ, ಇದಕ್ಕೂ ವಿಮರ್ಶೆ ಬೇಕೇ ಎಂದು ವಾಚಕರಲ್ಲಿ ಕೆಲವರು ಕೇಳಿಯಾರು. ಕೇಳುವುದು ನ್ಯಾಯವೇ. ಆದರೆ ಈ ಬರಹವನ್ನು ನಂಬಿ ನೇಕಾರನು ನೂಲಿಗೆ ಬಣ್ಣ ಹಾಕಿಸುತ್ತಾನೆ. ಅಂಗಡಿಕಾರನು ಸರಕು ತುಂಬುತ್ತಾನೆ. ತಂದೆಯಾದವನು ಸಾಲಮಾಡಿ ಮಗನನ್ನು ಹೊಸದೊಂದು ವಿದ್ಯೆಗೆ ಸೇರಿಸುತ್ತಾನೆ. ಕಾವ್ಯವು ಕೆಟ್ಟರೆ ರಸಭಂಗವಾಗುವುದು. ಈ ಗದ್ಯವು ಕೆಟ್ಟರೆ ಮನೆಯ ಮೇಲೆ ಸಾಲ ನಿಲ್ಲುವುದು. ಆದಕಾರಣ ಇದರ ಗುಣದೋಷವಿವೇಚನೆಯು ಅವಶ್ಯವಾದುದೆಂದೇ ಹೇಳಬೇಕು.

ಈ ಪ್ರಕಾರವು ಪಶ್ಚಿಮದಿಂದ ಮೊನ್ನೆ ಬಂದುದೆಂದು ತಿಳಿಯುವುದು ಸರಿಯಲ್ಲ. ಯುಗಾದಿಯ ದಿನ ನಡೆಯುವ ಪಂಚಾಂಗಶ್ರವಣವು ವರ್ಷಭವಿಷ್ಯವೇ. ವರ್ಷದ ರಾಜನಾರು, ಮಂತ್ರಿಯಾರು, ಸಸ್ಯಾಧಿಪತಿ ಮೇಘಾಧಿಪತಿಗಳಾರು ಎಂದು ಹೇಳುವುದರ ಜೊತೆಗೆ ಅರ್ಘಾಧಿಪತಿಯ ಹೆಸರನ್ನೂ ಅಲ್ಲಿ ಹೇಳುವರು. ಅರ್ಘವೆಂದರೆ ಬೆಲೆ, ಬೆಲೆಗಳ ಏರಿಳಿತವು ಆತನ ಅಧೀನವೆಂದು ನಂಬಿಕೆ. ಪೇಟೆಯ ಚಿಂತೆ ಪಂಚಾಂಗಕರ್ತರಿಗೂ ಇದ್ದಿತೆಂಬುದಕ್ಕೆ ಇದೇ ಸಾಕ್ಷಿ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಧಾರಣೆಗಳಿಗಾಗಿಯೇ ಅರ್ಘಕಾಂಡವೆಂಬ ಅಧ್ಯಾಯವನ್ನು ಬರೆದಿದ್ದಾನೆ. ಭವಿಷ್ಯ ಹೇಳುವವನಿಗೆ ಆತನು ಕೊಡುವ ಹೆಸರು 'ಸಾಂವತ್ಸರ' ಎಂದು; ಆತನಿಗೆ ಇರಬೇಕಾದ ಯೋಗ್ಯತೆಗಳನ್ನು ಗ್ರಂಥಾರಂಭದಲ್ಲಿಯೇ ಉದ್ದವಾಗಿ ಪಟ್ಟಿಮಾಡುತ್ತಾನೆ. ಅದೇ ಗ್ರಂಥದಲ್ಲಿ ಮೇಘಗಳ ಗರ್ಭಧಾರಣೆಯ ಪ್ರಕರಣವೊಂದಿದೆ. ಮೋಡವು ಗರ್ಭ ಧರಿಸಿದ ದಿನದಿಂದ ೧೯೫ ದಿನಗಳಿಗೆ ಮಳೆಯು ಪ್ರಸವವಾಗುವುದೆಂದು ಅಲ್ಲಿ ಹೇಳಿದೆ. ಇಂದಿನ ಹವಾಮಾನಶಾಸ್ತ್ರವು ಈ ಲೆಕ್ಕವನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಬರಹದ ದೃಷ್ಟಿಯಿಂದ ಇದರಲ್ಲೊಂದು ದೊಡ್ಡ ಗುಣವುಂಟು. ೧೯೫ ಎಂದು ಎಣಿಸಿ ಹೇಳಿದವನು ೧೯೫ನೆಯ ದಿನ ಸಿಕ್ಕಿಬೀಳಲು ಸಿದ್ಧನಾಗಿದ್ದನು. ಆಕಾಶವನ್ನು ನೋಡಿದ ಒಕ್ಕಲಿಗನು ಹೌದು ಅಥವಾ ಇಲ್ಲ ಎಂದು ಹೇಳಬಹುದಾಗಿತ್ತು.

ಇದಕ್ಕೆ ತೀರ ಭಿನ್ನವಾದ ಇನ್ನೊಂದು ರೂಪವು ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ದೊರೆಯುತ್ತದೆ. ಭಾರತಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ, 'ಸದ್ದಲೇ' ಎಂದು ಕೂಗಿ ನೆರೆದ ಜನಸಾಗರವನ್ನು ಸುಮ್ಮನಾಗಿಸಿ, ಒಂದೇ ಒಂದು ವಾಕ್ಯವನ್ನು ನುಡಿದು ಕೆಳಗೆ ಬೀಳುತ್ತಾನೆ. ಅದೇ ಕಾರ್ಣಿಕ. ಅದರಲ್ಲಿ ದಿನವಿಲ್ಲ, ಅಳತೆಯಿಲ್ಲ. ಸೂತ್ರದಂತೆ ಅಲ್ಪಾಕ್ಷರವಾದ ರೂಪಕವು ಮಾತ್ರ ಇರುತ್ತದೆ. ಮಳೆಬೆಳೆಗೆಂದು ಒಕ್ಕಲಿಗರೂ ರಾಜ್ಯಭಾರಕ್ಕೆಂದು ರಾಜಕಾರಣಿಗಳೂ ತಮ್ಮ ತಮ್ಮ ವ್ಯಾಖ್ಯಾನವನ್ನು ಮಾಡಿಕೊಳ್ಳುತ್ತಾರೆ. ಕಾರ್ಣಿಕವನ್ನು ಸುಳ್ಳೆಂದು ತೋರಿಸುವುದು ಸಾಧ್ಯವಿಲ್ಲ. ಏಕೆಂದರೆ ಅದು ಲೆಕ್ಕ ಒಪ್ಪಿಸುತ್ತೇನೆಂದು ಹೇಳಿಯೇ ಇಲ್ಲ. ಅದು ದೈವವಾಣಿಯೆಂದು ತನ್ನನ್ನು ತಾನು ಕರೆದುಕೊಳ್ಳುತ್ತದೆ. ಕೇಳುವವನು ಆ ಭಾವದಿಂದಲೇ ಕೇಳುತ್ತಾನೆ. ಇಲ್ಲಿ ವಂಚನೆಯಿಲ್ಲ.

ಈಗಿನ ವರ್ಷಭವಿಷ್ಯದ ಮುಖ್ಯದೋಷವು ಈ ಎರಡನ್ನೂ ಒಂದರೊಳಗೊಂದು ಕಲಸಿರುವುದು. ಅದರ ವೇಷವು ಗಣಿತಜ್ಞನದು. ಮಾತು ಮಾತ್ರ ಗೊರವಯ್ಯನದು. ಸಂಖ್ಯೆ, ನಕ್ಷೆ, ರೇಖಾಚಿತ್ರಗಳ ನಡುವೆ ಕುಳಿತಿರುವ ವಾಕ್ಯವನ್ನು ಬಿಡಿಸಿ ನೋಡಿದರೆ, 'ಯಂತ್ರಗಳು ಮನುಷ್ಯನ ಬಾಳಿಗೆ ಇನ್ನೂ ಹತ್ತಿರವಾಗಲಿವೆ', 'ಗ್ರಾಹಕರು ಅನುಭವವನ್ನು ಬಯಸಲಿದ್ದಾರೆ' ಎಂಬ ಬಗೆಯ ಮಾತು ಹೊರಬೀಳುತ್ತದೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅತಿವ್ಯಾಪ್ತಿಯೆಂದು ಹೆಸರು. ಯಾವ ವರ್ಷಕ್ಕೆ ಹಚ್ಚಿದರೂ ಹತ್ತುವ ಲಕ್ಷಣವು ಯಾವ ವರ್ಷದ ಲಕ್ಷಣವೂ ಆಗಲಾರದು.

ಈ ದೋಷವನ್ನು ಕನ್ನಡದಲ್ಲಿ ಹೆಚ್ಚಿಸುವುದು ಒಂದು ಕ್ರಿಯಾರೂಪ. 'ರೈಲು ಐದು ಗಂಟೆಗೆ ಬರಲಿದೆ' ಎಂಬಲ್ಲಿ 'ಬರಲಿದೆ' ಎಂಬುದು ಯೋಗ್ಯವಾದ ಪ್ರಯೋಗ. ವೇಳಾಪಟ್ಟಿಯುಂಟು, ರೈಲು ಹೊರಟಿದೆ, ಬರುವುದು ನಿಶ್ಚಿತ. ಆದರೆ 'ಮುಂದಿನ ವರ್ಷ ಹಳೆಯ ಕಾಲದ ಆಭರಣಗಳು ಮರಳಿ ಬರಲಿವೆ' ಎಂಬಲ್ಲಿ ವೇಳಾಪಟ್ಟಿಯನ್ನು ಬರೆದವರಾರು? ಊಹೆಗೆ ನಿಶ್ಚಯದ ಅಂಗಿ ತೊಡಿಸುವ ಈ ಪ್ರಯೋಗವು ವರ್ಷಾಂತ್ಯದ ಲೇಖನಗಳಲ್ಲಿ ವಾಕ್ಯವಾಕ್ಯಕ್ಕೂ ಕಾಣಿಸುತ್ತದೆ. ಕನ್ನಡಕ್ಕೆ ಇದರ ಬಡತನವೇನೂ ಇರಲಿಲ್ಲ. 'ಬಂದೀತು', 'ಆದೀತು', 'ಕೊಂಡಾರು' ಎಂಬ ಸಂಭಾವನಾರೂಪಗಳು ಇದಕ್ಕೆಂದೇ ಇರುವಂಥವು. 'ಮಳೆ ಬಂದೀತು, ಕಾಳು ಒಳಗಿಡು' ಎನ್ನುವ ಅಜ್ಜಿಯ ಮಾತಿನಲ್ಲಿ ಊಹೆಯೂ ಉಂಟು, ಊಹೆಯ ಮಿತಿಯೂ ಉಂಟು, ಮಾಡಬೇಕಾದ ಕೆಲಸವೂ ಉಂಟು. ಸಂಸ್ಕೃತ ವೈಯಾಕರಣರು ಭವಿಷ್ಯತ್ತನ್ನೇ ಒಡೆದು, ಇಂದಿನದಲ್ಲದ ಭವಿಷ್ಯಕ್ಕೆ ಲುಟ್ ಎಂದೂ, ಸಾಮಾನ್ಯ ಭವಿಷ್ಯಕ್ಕೆ ಲೃಟ್ ಎಂದೂ, ಕಾರಣವು ಕೂಡಿಬರದೆ ಕಾರ್ಯವು ತಪ್ಪಿಹೋದಲ್ಲಿ ಲೃಙ್ ಎಂದೂ ಬೇರೆ ಬೇರೆ ಲಕಾರಗಳನ್ನು ವಿಧಿಸಿದರು. ಭವಿಷ್ಯವು ಒಂದೇ ಬಗೆಯದಲ್ಲವೆಂಬ ವಿವೇಕವು ಈ ವ್ಯವಸ್ಥೆಯಲ್ಲಿ ಅಡಗಿದೆ.

ಲೃಙ್ ಲಕಾರಕ್ಕೆ ಯಂತ್ರಗಳ ಚರಿತ್ರೆಯಲ್ಲಿ ಉದಾಹರಣೆಗಳು ಹೇರಳವಾಗಿವೆ. ಮಾತನಾಡುವವರ ಮುಖವನ್ನೂ ತೋರಿಸುವ ದೂರವಾಣಿಯನ್ನು ಅಮೆರಿಕದ ಎಟಿ ಅಂಡ್ ಟಿ ಸಂಸ್ಥೆಯು ೧೯೬೪ರ ನ್ಯೂಯಾರ್ಕ್ ಜಾಗತಿಕ ಮೇಳದಲ್ಲಿ ಪ್ರದರ್ಶಿಸಿ, ೧೯೭೦ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಮಾರಾಟಕ್ಕಿಟ್ಟಿತು. ಬಾಡಿಗೆ ತಿಂಗಳಿಗೆ ೧೬೦ ಡಾಲರ್. ಕೊಂಡವರು ಅತ್ಯಲ್ಪ, ಕೆಲವು ವರ್ಷಗಳಲ್ಲಿ ಅದನ್ನು ಹಿಂತೆಗೆಯಬೇಕಾಯಿತು. ಕನ್ನಡಕ ಧರಿಸಿ ನೋಡತಕ್ಕ ಮೂರು ಆಯಾಮಗಳ ದೂರದರ್ಶನವು ೨೦೧೦ರಲ್ಲಿ ಮನೆಮನೆಯ ಭವಿಷ್ಯವೆಂದು ಡಂಗುರವಾಯಿತು. ೨೦೧೭ರ ವೇಳೆಗೆ ಮುಖ್ಯ ತಯಾರಕರೆಲ್ಲರೂ ಅದನ್ನು ಕೈಬಿಟ್ಟರು. ಜನರು ಬಯಸಿದ್ದರೆ ಇವು ಗೆಲ್ಲುತ್ತಿದ್ದುವು; ಬಯಸಲಿಲ್ಲ, ಗೆಲ್ಲಲಿಲ್ಲ. ಮುಖ ನೋಡಿ ಮಾತನಾಡುವ ಪದ್ಧತಿಯು ಸಾಮಾನ್ಯ ಸಂಸಾರಗಳಲ್ಲಿಯೂ ಶಾಲೆಗಳಲ್ಲಿಯೂ ನಿತ್ಯವ್ಯವಹಾರವಾದುದು ೨೦೨೦ರ ಮಹಾಮಾರಿಯಲ್ಲಿ ಜನರು ಬಾಗಿಲು ಹಾಕಿಕೊಂಡು ಕುಳಿತಾಗ. ಯಂತ್ರವು ಏನು ಮಾಡಬಲ್ಲುದೆಂಬುದನ್ನು ಊಹಿಸುವುದು ಸುಲಭ. ಮನುಷ್ಯನಿಗೆ ಅದು ಯಾವಾಗ ಬೇಕಾಗುವುದೆಂಬುದನ್ನು ಊಹಿಸುವುದು ಕಷ್ಟ.

ಬಣ್ಣದ ಭವಿಷ್ಯದಲ್ಲಿ ಇನ್ನೊಂದು ಬಗೆಯ ತೊಡಕುಂಟು. ಪ್ಯಾಂಟೋನ್ ಎಂಬ ಸಂಸ್ಥೆಯು ೨೦೦೦ನೆಯ ವರ್ಷದಿಂದ 'ವರ್ಷದ ಬಣ್ಣ'ವನ್ನು ಮುಂಗಡವಾಗಿ ಸಾರುತ್ತ ಬಂದಿದೆ. ಮೊದಲನೆಯ ವರ್ಷ ಆಕಾಶನೀಲಿಯಿದ್ದಿತು. ೨೦೨೫ಕ್ಕೆ ಕಾಫಿಯನ್ನು ಹೋಲುವ ಕಂದು ಬಣ್ಣ. ಘೋಷಣೆಯನ್ನು ಕೇಳಿ ಬಣ್ಣದ ಕಾರ್ಖಾನೆಯವನು ಆ ಬಣ್ಣವನ್ನು ಹೆಚ್ಚಿಗೆ ತಯಾರಿಸುವನು. ಬಟ್ಟೆಯವನು ಆ ಬಣ್ಣದ ಬಟ್ಟೆಯನ್ನು ಅಂಗಡಿಯ ಮುಂದೆ ತೂಗುಹಾಕುವನು. ಕಣ್ಣಿಗೆ ಬಿದ್ದುದನ್ನು ಜನರು ಕೊಳ್ಳುವರು. ವರ್ಷಾಂತ್ಯದಲ್ಲಿ ಭವಿಷ್ಯವು ನಿಜವಾಯಿತೆಂದು ಎಣಿಕೆಯಾಗುವುದು. ನುಡಿದುದರಿಂದ ನಡೆಯಿತೋ, ನಡೆಯುವುದನ್ನು ನುಡಿದರೋ? ಇದು ಶುದ್ಧವಾದ ಅನ್ಯೋನ್ಯಾಶ್ರಯ. ರಾಬರ್ಟ್ ಮರ್ಟನ್ ಎಂಬ ಸಮಾಜಶಾಸ್ತ್ರಜ್ಞನು ೧೯೪೮ರಲ್ಲಿ ಇಂಥ ಸ್ವಯಂಸಾಧಕ ಭವಿಷ್ಯವಾಣಿಗೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟನು. ಇದನ್ನು ಭವಿಷ್ಯವೆನ್ನದೆ ಆಜ್ಞೆಯೆಂದರೆ ವಾಚಕನಿಗೆ ವಸ್ತುಸ್ಥಿತಿಯಾದರೂ ತಿಳಿದೀತು. ಗುಳೇದಗುಡ್ಡದಲ್ಲಿ ಖಣ ನೇಯುವವನೋ ಇಳಕಲ್ಲಿನಲ್ಲಿ ಸೀರೆ ನೇಯುವವನೋ ಇಂಥ ಘೋಷಣೆಯನ್ನು ಋತುಚಕ್ರದಂತೆ ತಪ್ಪದ ನಿಯಮವೆಂದು ತಿಳಿದರೆ ಕೈಸುಟ್ಟುಕೊಳ್ಳುವ ಸಂಭವ ಹೆಚ್ಚು.

ಇಂಥ ಬರಹಗಾರರ ನಡುವೆ ಮಾರ್ಯಾದೆಗೆ ಪಾತ್ರನಾದ ಒಬ್ಬನ ಕಥೆ ಸ್ಮರಣೀಯವಾದುದು. ರಾಬರ್ಟ್ ಮೆಟ್‌ಕಾಫ್ ಎಂಬಾತನು ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ಪದ್ಧತಿಯನ್ನು ೧೯೭೩ರಲ್ಲಿ ಕಂಡುಹಿಡಿದವರಲ್ಲಿ ಪ್ರಮುಖನು. ಆದುದರಿಂದ ತಿಳಿಯದವನ ಮಾತು ಅವನದಲ್ಲ. ೧೯೯೫ರ ಡಿಸೆಂಬರಿನಲ್ಲಿ 'ಇನ್ಫೋವರ್ಲ್ಡ್' ಪತ್ರಿಕೆಯ ತನ್ನ ಅಂಕಣದಲ್ಲಿ, ಅಂತರ್ಜಾಲವು ೧೯೯೬ರಲ್ಲಿ ಭಾರ ತಾಳಲಾರದೆ ಕುಸಿದುಬೀಳುವುದೆಂದು ಆತನು ಬರೆದನು. ಹಾಗಾಗದಿದ್ದರೆ ತನ್ನ ಮಾತನ್ನು ತಾನೇ ತಿನ್ನುವೆನೆಂದು ಮಾತುಕೊಟ್ಟನು. ೧೯೯೬ ಕಳೆಯಿತು, ಜಾಲವು ಬೀಳಲಿಲ್ಲ. ಮೆಟ್‌ಕಾಫನು ನುಣುಚಿಕೊಳ್ಳಬಹುದಾಗಿತ್ತು. ಆ ವರ್ಷದ ಆಗಸ್ಟಿನಲ್ಲಿ ಅಮೆರಿಕ ಆನ್‌ಲೈನ್ ಸಂಸ್ಥೆಯ ಸೇವೆಯು ೧೯ ಗಂಟೆಗಳ ಕಾಲ ನಿಂತುಹೋಗಿದ್ದಿತು. ಅದನ್ನೇ ತೋರಿಸಿ, ಹೇಳಿದುದು ಇದನ್ನೇ ಎಂದು ವಾದಿಸುವುದು ಜಾಣರಿಗೆ ಕಷ್ಟವಾಗುತ್ತಿರಲಿಲ್ಲ. ಆತನು ಹಾಗೆ ಮಾಡದೆ, ೧೯೯೭ರಲ್ಲಿ ನೆರೆದ ಅಂತರ್ಜಾಲ ಪಂಡಿತರ ಸಮ್ಮೇಳನದಲ್ಲಿ ಮೊದಲು ತನ್ನ ಅಂಕಣದಂತೆ ಅಲಂಕರಿಸಿದ ಕೇಕನ್ನು ತರಿಸಿದನು. ಸಭಿಕರು ಒಪ್ಪಲಿಲ್ಲ. ಆಗ ಮುದ್ರಿತವಾದ ಅಂಕಣದ ಕಾಗದವನ್ನೇ ಅರೆಯುವ ಯಂತ್ರಕ್ಕೆ ಹಾಕಿ, ನೀರು ಬೆರೆಸಿ, ಎಲ್ಲರೆದುರಿಗೆ ಉಂಡುಬಿಟ್ಟನು. ಆಡಿದ ಮಾತನ್ನು ನುಂಗುವುದೆಂಬ ಗಾದೆಯಂಥ ಮಾತು ಅಕ್ಷರಶಃ ನಡೆದುದು ಅಲ್ಲಿ.

ಇದರಲ್ಲಿ ವಿನೋದವೆಷ್ಟೋ ಅದಕ್ಕಿಂತ ಹೆಚ್ಚಾಗಿ ಶಿಕ್ಷಣವುಂಟು. ಮೆಟ್‌ಕಾಫನ ಭವಿಷ್ಯವು ತಪ್ಪಿತು. ಆದರೆ ಅವನ ಗದ್ಯವು ತಪ್ಪಲಿಲ್ಲ. ಅದರಲ್ಲಿ ವಿಷಯವು ಸ್ಪಷ್ಟವಾಗಿತ್ತು, ಅವಧಿಯು ಸ್ಪಷ್ಟವಾಗಿತ್ತು, ಸೋಲೆಂದರೇನೆಂಬುದೂ ಸ್ಪಷ್ಟವಾಗಿತ್ತು. ಸರಿಯಾದರೂ ಯಾರಿಗೂ ಗೊತ್ತಾಗದಂತೆ ಬರೆಯುವವರಿಗಿಂತ, ತಪ್ಪಿದರೆ ಎಲ್ಲರಿಗೂ ಗೊತ್ತಾಗುವಂತೆ ಬರೆದವನೇ ದೊಡ್ಡವನು. ನೂರು ಮಾತು ಅಸ್ಪಷ್ಟವಾಗಿ ಆಡಿದವನ ಒಂದು ಮಾತು ಫಲಿಸುವುದು ಘುಣಾಕ್ಷರನ್ಯಾಯ. ಹುಳುವು ಮರವನ್ನು ಕೊರೆಯುವಾಗ ಎಲ್ಲಿಯೋ ಒಂದು ಅಕ್ಷರದ ಆಕಾರವು ಮೂಡುತ್ತದೆ. ಅದರಿಂದ ಹುಳುವಿಗೆ ಅಕ್ಷರಾಭ್ಯಾಸವಾಗಿದೆಯೆಂದು ಯಾರೂ ಹೇಳರು. ಫಿಲಿಪ್ ಟೆಟ್ಲಾಕ್ ಎಂಬ ವಿದ್ವಾಂಸನು ೨೮೪ ಮಂದಿ ತಜ್ಞರ ಭವಿಷ್ಯಗಳನ್ನು ಬಹುವರ್ಷ ಬರೆದಿಟ್ಟುಕೊಂಡು ಪರೀಕ್ಷಿಸಿ, ೨೦೦೫ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ತಜ್ಞತೆಯಿಂದ ಬಂದ ಲಾಭವು ಅತ್ಯಲ್ಪ. ಹೆಸರುವಾಸಿಯಾದವರು ಉಳಿದವರಿಗಿಂತಲೂ ಹಿಂದೆ ಬಿದ್ದಿದ್ದರು. ಬರೆದಿಟ್ಟುಕೊಳ್ಳದಿದ್ದರೆ ಇದು ಹೊರಬೀಳುತ್ತಿರಲಿಲ್ಲ.

ಒಳ್ಳೆಯ ಮಾದರಿಯೂ ಮನೆಯಲ್ಲಿಯೇ ಉಂಟು. ಧಾತು ಈಶ್ವರ ಸಂವತ್ಸರಗಳ ಘೋರವಾದ ಬರದ ಅನಂತರ ಮಳೆಯ ಮುನ್ಸೂಚನೆಗಾಗಿ ಸರ್ಕಾರವು ಹವಾಮಾನ ಇಲಾಖೆಯನ್ನು ಕೇಳಿತು. ೧೮೭೫ರಲ್ಲಿ ಸ್ಥಾಪಿತವಾಗಿದ್ದ ಆ ಇಲಾಖೆಯ ಮುಖ್ಯಸ್ಥನಾದ ಬ್ಲಾನ್‌ಫೋರ್ಡನು ಹಿಮಾಲಯದ ಹಿಮರಾಶಿಗೂ ಮುಂಗಾರಿಗೂ ಇರುವ ಸಂಬಂಧವನ್ನು ಗಮನಿಸಿ ೧೮೮೨ರಿಂದ ಪ್ರಾಯೋಗಿಕವಾಗಿ ಮುನ್ಸೂಚನೆಗಳನ್ನು ಕೊಟ್ಟನು. ೧೮೮೬ರಿಂದ ಅವು ಕ್ರಮವಾಗಿ ಹೊರಟುವು. ಅನೇಕ ವರ್ಷಗಳಲ್ಲಿ ಅವು ತಪ್ಪಿವೆ. ಆದರೆ ತಪ್ಪನ್ನು ಅಳೆದು ಅಳೆದು ಆ ಬರಹದ ಶೈಲಿಯೇ ಪಕ್ವವಾಗಿದೆ. ೨೦೨೫ರ ಏಪ್ರಿಲಿನಲ್ಲಿ ಇಲಾಖೆಯು, ಮುಂಗಾರು ದೀರ್ಘಾವಧಿ ಸರಾಸರಿಯ ನೂರಕ್ಕೆ ೧೦೫ರಷ್ಟು, ತಪ್ಪಿದರೆ ಐದು ಹೆಚ್ಚುಕಡಮೆ, ಎಂದು ಹೇಳಿತು. ಋತುವಿನ ಕೊನೆಗೆ ಆದುದು ೧೦೮. ಆ ಒಂದು ವಾಕ್ಯದಲ್ಲಿ ಕಾಲವುಂಟು, ಅಳತೆಯುಂಟು, ತನ್ನ ಅಜ್ಞಾನದ ಪ್ರಮಾಣವೂ ಉಂಟು. ಅದು ಇಡೀ ದೇಶದ ಲೆಕ್ಕವೆಂಬುದನ್ನೂ, ಒಂದೊಂದು ಹೊಲದ ಮಾತಲ್ಲವೆಂಬುದನ್ನೂ ತಿಳಿದ ರೈತನಿಗೆ ಅದರಿಂದ ಪ್ರಯೋಜನವಾಗುತ್ತದೆ.

ಮಳೆಗೆ ಸಾಧ್ಯವಾದುದು ಪೇಟೆಗೂ ಅಭಿರುಚಿಗೂ ಅಷ್ಟೇ ಸಾಧ್ಯವೆಂದು ಹೇಳಲಾಗದು. ಮೋಡವು ಮುನ್ಸೂಚನೆಯನ್ನು ಓದುವುದಿಲ್ಲ. ಮನುಷ್ಯನು ಓದುತ್ತಾನೆ, ಓದಿ ಬದಲಾಗುತ್ತಾನೆ. ಅಲ್ಲದೆ ದೊಡ್ಡ ಬದಲಾವಣೆಗಳಿಗೆ ಕಾರಣವು ಒಂದಲ್ಲ. ತರಕಾರಿಯ ಗಾಡಿಯ ಮೇಲೆ ಚೌಕಾಕಾರದ ಚಿತ್ರವನ್ನಂಟಿಸಿ ಹಣ ಪಡೆಯುವ ರೂಢಿಯನ್ನೇ ನೋಡಬಹುದು. ಯುಪಿಐ ಪದ್ಧತಿಯು ೨೦೧೬ರ ಏಪ್ರಿಲಿನಲ್ಲಿ ಆರಂಭವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲವು ಅಗ್ಗವಾಯಿತು. ನವೆಂಬರ್ ೮ರಂದು ದೊಡ್ಡ ನೋಟುಗಳು ರದ್ದಾದುವು. ಮೂರು ಹೊಳೆಗಳು ಒಂದೇ ವರ್ಷದಲ್ಲಿ ಕೂಡಿದುವು. ಒಂದೊಂದನ್ನು ಬೇರೆಯಾಗಿ ಊಹಿಸಿದ್ದರೂ ಸಂಗಮವನ್ನು ಊಹಿಸುವುದು ದುಸ್ಸಾಧ್ಯ. ಇದನ್ನರಿತ ಬರಹಗಾರನ ಲೇಖನಿಯಿಂದ 'ಲಿದೆ' ಎಂಬುದು ಸುಲಭವಾಗಿ ಹೊರಡಲಾರದು.

ಹಾಗಾದರೆ ವರ್ಷಭವಿಷ್ಯವನ್ನು ಬರೆಯಲೇಬಾರದೇ? ಬರೆಯಬೇಕು. ಮುಂದಾಲೋಚನೆಯಿಲ್ಲದೆ ಸಂಸಾರವು ಸಾಗುವುದಿಲ್ಲ. ಆದರೆ ಕನ್ನಡದಲ್ಲಿ ಬರೆಯುವವರು ಮೂರು ನಿಯಮಗಳನ್ನು ಪಾಲಿಸಿದರೆ ಈ ಪ್ರಕಾರವು ಗೌರವಕ್ಕೆ ಅರ್ಹವಾದೀತು. ಪ್ರತಿಯೊಂದು ಊಹೆಗೂ ಅವಧಿಯನ್ನೂ ಅಳತೆಯನ್ನೂ ಹೇಳತಕ್ಕದ್ದು. ಯಾವ ಕಾರಣವು ಕೂಡಿಬಂದರೆ ಅದು ಫಲಿಸುವುದೆಂಬುದನ್ನು ಬಿಚ್ಚಿ ತೋರಿಸತಕ್ಕದ್ದು. ಮತ್ತು ಈ ವರ್ಷದ ಪಟ್ಟಿಯನ್ನು ಅಚ್ಚುಮಾಡುವ ಪತ್ರಿಕೆಯು ಅದರ ಪಕ್ಕದಲ್ಲಿಯೇ ಕಳೆದ ವರ್ಷದ ತನ್ನ ಪಟ್ಟಿಯನ್ನು, ಒಂದಕ್ಷರವನ್ನೂ ತಿದ್ದದೆ, ಮರಳಿ ಅಚ್ಚುಮಾಡತಕ್ಕದ್ದು. ಮೂರನೆಯದು ಒಂದೇ ಸಾಕು. ಉಳಿದೆರಡು ಅದರ ಹಿಂದೆ ತಾವಾಗಿಯೇ ಬಂದಾವು. ಪಟ್ಟಿಯನ್ನು ಓದಿ ನೂಲು ಕೊಳ್ಳಹೊರಟ ನೇಕಾರನಿಗೆ, ಬರೆದವನು ಹೋದ ವರ್ಷ ಎಷ್ಟು ಸಲ ಎಡವಿದನೆಂಬ ಲೆಕ್ಕಕ್ಕಿಂತ ಬೆಲೆಯುಳ್ಳ ಭವಿಷ್ಯವು ಬೇರೊಂದಿಲ್ಲ.