ಎರಡು ವಾರದ ವೈದ್ಯಸೇವೆ: ಬೆಂಬಲ ಎಂದರೆ ಯಾವುದು?

ವೈದ್ಯರಾಗಬಯಸುವ ಅಮೆರಿಕದ ವಿದ್ಯಾರ್ಥಿಗಳು ರಜೆಯಲ್ಲಿ ಹೊಂಡುರಾಸ್, ಗ್ವಾಟೆಮಾಲಾಗಳ ಹಳ್ಳಿಗಳಿಗೆ ಹೋಗಿ ಆರೋಗ್ಯ ಶಿಬಿರ ನಡೆಸುವ ಪದ್ಧತಿ ಚೆನ್ನಾಗಿ ಬೇರೂರಿದೆ. ಊರ ಶಾಲೆಯೇ ಆ ಹೊತ್ತಿನ ಆಸ್ಪತ್ರೆ. ಒಂದು ಕೊಠಡಿಯಲ್ಲಿ ಬಿ.ಪಿ. ನೋಡುತ್ತಾರೆ, ಪಕ್ಕದಲ್ಲಿ ವೈದ್ಯರ ತಪಾಸಣೆ, ಅದರಾಚೆ ಜಂತುಹುಳದ ಮಾತ್ರೆ, ವಿಟಮಿನ್, ನೋವಿನ ಗುಳಿಗೆಗಳ ವಿತರಣೆ. ಒಂದೆರಡು ವಾರಕ್ಕೆ ತಂಡ ಹೊರಟುಹೋಗುತ್ತದೆ. ಖರ್ಚಿಗೆ ಮನೆಯವರು, ಚರ್ಚು, ಕಾಲೇಜು ಕೈಜೋಡಿಸುತ್ತಾರೆ. ಹಣ ಹೊಂದಿಸಿದರೆ ಬೆಂಬಲ ಕೊಟ್ಟಂತಾಯಿತು ಎಂದುಕೊಳ್ಳುವುದೇ ಈ ಪದ್ಧತಿಯ ಮೂಲ ದೋಷ.

ಇಂಥ ಸೇವೆಯನ್ನು ಕಟುವಾಗಿ ವಿಮರ್ಶಿಸಿದವರು ಚಿಂತಕ ಇವಾನ್ ಇಲಿಚ್. 1968ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಸೇವಾಕಾಂಕ್ಷಿ ವಿದ್ಯಾರ್ಥಿಗಳ ಮುಂದೆಯೇ ಅವರು ಮಾತಾಡಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ನೆರವಾಗಲು ಮಾತ್ರ ಬರಬೇಡಿ ಎಂಬುದು ಅವರ ವಾದದ ತಿರುಳು. ಇದರಲ್ಲಿ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ: ಹೋಗುವವರು ಕಲಿಯಲೆಂದೇ ಹೋಗಬೇಕು. ಆದರೆ ಸ್ಥಳೀಯ ವೈದ್ಯರೇ ಕರೆದು, ಕೆಲಸವನ್ನೂ ಅವರೇ ಗೊತ್ತುಮಾಡಿದ ಕಡೆ, ನೆರವಾಗಲು ಬರಬೇಡಿ ಎನ್ನುವುದು ಅತಿಯಾಗುತ್ತದೆ.

ತೊಡಕು ಎಲ್ಲಿದೆ ಎಂಬುದು ರಕ್ತದೊತ್ತಡದ ರೋಗಿಯನ್ನು ನೋಡಿದರೆ ತಿಳಿಯುತ್ತದೆ. ಶಿಬಿರದಲ್ಲಿ ಒಂದು ತಿಂಗಳ ಮಾತ್ರೆ ಸಿಕ್ಕಿತು, ಮುಂದಿನ ತಿಂಗಳು? ಅದು ಬಹುಪಾಲು ಜೀವನವಿಡೀ ನುಂಗಬೇಕಾದ ಔಷಧ. ಔಷಧದ ಚೀಟಿ ಹತ್ತಿರದ ಆರೋಗ್ಯ ಕೇಂದ್ರ ತಲುಪದಿದ್ದರೆ, ಏನು ಕೊಟ್ಟರು, ಏಕೆ ಕೊಟ್ಟರು ಎಂಬುದು ಅಲ್ಲಿನ ದಾದಿಗೂ ತಿಳಿಯುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು ವಿದ್ಯಾರ್ಥಿಯ ಕೈಗೆ ಸೂಜಿ ಕೊಡುವುದು. ತನ್ನ ದೇಶದಲ್ಲಿ ಹೊಲಿಗೆ ಹಾಕಲು, ಹಲ್ಲು ಕೀಳಲು ಅನುಮತಿಯಿಲ್ಲದವರು ಬಡವರ ಊರಿನಲ್ಲಿ ಅದನ್ನು ಮಾಡುವುದು ಸೇವೆಯಲ್ಲ, ಅನ್ಯಾಯ.

ಇದನ್ನು ತಡೆಯಲು ನಿಯಮಗಳ ಕೊರತೆಯಿಲ್ಲ. ಜಾಗತಿಕ ಆರೋಗ್ಯ ತರಬೇತಿಯ ನೈತಿಕತೆ ಕುರಿತ 'ವೇಟ್' ಮಾರ್ಗಸೂಚಿ 2010ರಲ್ಲಿ ಬಂತು. ಅತಿಥಿಗಳ ಮೇಲ್ವಿಚಾರಣೆ, ದುಭಾಷಿ, ವಸತಿಗಳಿಗೆ ಆತಿಥೇಯ ಸಂಸ್ಥೆ ಮಾಡುವ ವೆಚ್ಚವನ್ನೂ ಅದಕ್ಕೆ ತುಂಬಿಕೊಡಬೇಕು ಎಂದು ಮಾರ್ಗಸೂಚಿ ಹೇಳಿತು. ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ 2011ರಲ್ಲಿ, ತರಬೇತಿ ಮೀರಿದ ಚಿಕಿತ್ಸೆಗೆ ಕೈಹಾಕಬೇಡಿ ಎಂದು ವಿದ್ಯಾರ್ಥಿಗಳನ್ನೇ ಎಚ್ಚರಿಸಿತು. 1992ರಲ್ಲಿ ಆರಂಭವಾದ 'ಚೈಲ್ಡ್ ಫ್ಯಾಮಿಲಿ ಹೆಲ್ತ್ ಇಂಟರ್‌ನ್ಯಾಷನಲ್' ಸಂಸ್ಥೆ ವಿದ್ಯಾರ್ಥಿಗಳನ್ನು ಭಾರತವೂ ಸೇರಿ ಹಲವು ದೇಶಗಳಲ್ಲಿ ಸ್ಥಳೀಯ ವೈದ್ಯರ ಬಳಿ ಕಲಿಯಲು ಕಳಿಸುತ್ತದೆ. ಅಲ್ಲಿ ಊರವರೇ ಗುರುಗಳು. ಈ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ನಿಜವಾದ ಬೆಂಬಲ ಯಾವುದು? ಹೊರಡುವ ಮುನ್ನ ಆ ನಾಡಿನ ಭಾಷೆ, ಚರಿತ್ರೆ ಕಲಿಸುವುದು. ಅಲ್ಲಿದ್ದಾಗ ಅನುಭವಿ ವೈದ್ಯರ ಕಣ್ಣಳತೆಯಲ್ಲಿರಿಸುವುದು; ಸಾವು-ನೋವು ಕಂಡು ಕುಗ್ಗಿದವರ ಮಾತು ಆಲಿಸುವುದು. 'ಇದು ನನಗೆ ಬಾರದು' ಎಂದವರನ್ನು ಹಂಗಿಸದೆ ಮೆಚ್ಚುವುದು. ಮರಳುವಾಗ ರೋಗಿಗಳ ದಾಖಲೆಯನ್ನು ಊರಿನ ಆರೋಗ್ಯ ಕೇಂದ್ರಕ್ಕೆ ಒಪ್ಪಿಸುವುದು. ಇಷ್ಟಕ್ಕೆ ಸಿದ್ಧವಿಲ್ಲದ ತಂಡ ಹೋಗದಿರುವುದೇ ಮೇಲು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ತಂದೆತಾಯಂದಿರಲ್ಲಿ ಒಂದು ಕೋರಿಕೆ. ನಿಮ್ಮ ಮಕ್ಕಳು ಇಂಥ ಪಯಣಕ್ಕೆ ಹಣ ಕೇಳಿದಾಗ, 'ನೀವು ಹೊರಟುಬಂದ ಮೇಲೆ ಆ ರೋಗಿಗಳನ್ನು ಯಾರು ನೋಡಿಕೊಳ್ಳುತ್ತಾರೆ?' ಎಂದು ಅವರನ್ನು ಕೇಳಿ. ಉತ್ತರ ಸಿಕ್ಕ ಮೇಲಷ್ಟೇ ಹಣ ಕೊಡಿ.