ಹಳೆ ಗಾಜಿನ ಬೆಳಕು: ಹೊಸೂರು ಸೀಮೆಯ ರಸಿಕರಿಗೊಂದು ಕೈಪಿಡಿ

ಕೈಯಿಂದ ತಿರುಗಿಸಿ ಫೋಕಸ್ ಮಾಡುವ ಹಳೆಯ ಲೆನ್ಸ್ ಎಂದರೆ ಲೋಹದ ಕೊಳವೆಯೊಳಗೆ ಕೂರಿಸಿದ ನಾಲ್ಕಾರು ಗಾಜುಗಳು, ಒಂದು ಫೋಕಸ್ ರಿಂಗು, ಒಂದು ಅಪರ್ಚರ್ ರಿಂಗು, ಅಷ್ಟೆ. ಮೋಟಾರಿಲ್ಲ, ಚಿಪ್ಪಿಲ್ಲ. 1985ರಲ್ಲಿ ಮಿನೋಲ್ಟಾ 7000 ಬಂದು ಆಟೊಫೋಕಸ್ ಬಳಕೆಗೆ ಬೀಳುವವರೆಗೆ ಎಸ್‌ಎಲ್‌ಆರ್ ಹಿಡಿದವರಿಗೆಲ್ಲ ಇವೇ ಗತಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಕಾಡುಪ್ರಾಣಿ, ಹಕ್ಕಿಗಳ ಚಿತ್ರ ತೆಗೆಯಲು ಕಲಿತದ್ದು ರಿಂಗು ತಿರುಗಿಸಿಯೇ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯ ಮೊದಮೊದಲ ಸದಸ್ಯರ ಕೈಯಲ್ಲಿದ್ದದ್ದೂ ಇಂಥವೇ. ರೋಲಿನ ಕಾಲ ಮುಗಿದಾಗ ಕ್ಯಾಮೆರಾಗಳು ಬೀರು ಸೇರಿದವು, ಅವುಗಳ ಮೂತಿಗೆ ಕಚ್ಚಿಕೊಂಡಿದ್ದ ಲೆನ್ಸುಗಳೂ ಜೊತೆಗೆ ಹೋದವು. ಕ್ಯಾಮೆರಾ ಕೆಟ್ಟಿರಬಹುದು, ಲೆನ್ಸು ಕೆಡಲು ಅದರಲ್ಲಿ ಹೆಚ್ಚೇನೂ ಇಲ್ಲ. ಬೆಂಗಳೂರಿಗೆ ನಲವತ್ತು ಕಿಲೋಮೀಟರು ದೂರದ ಹೊಸೂರಿನ ಹವ್ಯಾಸಿಗೆ ಹಳೆ ಸ್ಟುಡಿಯೊಗಳ ಶೋಕೇಸು, ನೆಂಟರ ಮನೆಯ ಅಟ್ಟ, ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ಅಂಗಡಿ ಮೂರೂ ಕೈಗೆಟುಕುವಷ್ಟು ಹತ್ತಿರ.

ಲೆನ್ಸ್ ಕೂರುವ ಬಾಯಿಯಿಂದ ಫಿಲ್ಮಿನವರೆಗೆ ಎಷ್ಟು ದೂರವಿರಬೇಕು ಎಂಬುದು ಪ್ರತಿ ಕ್ಯಾಮೆರಾ ಕುಟುಂಬದಲ್ಲೂ ನಿಗದಿಯಾದ ಅಳತೆ. 1949ರ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲಿ ಬಂದು ಆಮೇಲೆ ಹತ್ತಾರು ಕಂಪನಿಗಳು ಅಪ್ಪಿಕೊಂಡ ಎಂ42 ತಿರುಪಿನ ಲೆನ್ಸುಗಳಿಗೆ ಅದು 45.46 ಮಿ.ಮೀ. ನಡುವೆ ಕನ್ನಡಿ ಮೇಲೆದ್ದು ಇಳಿಯಲು ಅಷ್ಟು ಜಾಗ ಬೇಕಿತ್ತು. ಕನ್ನಡಿಯನ್ನೇ ಕೈಬಿಟ್ಟ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಈ ದೂರ ಅರ್ಧಕ್ಕಿಂತ ಕಡಿಮೆ: ಸೋನಿ ಇ ಮೌಂಟಿಗೆ 18, ಫ್ಯೂಜಿ ಎಕ್ಸ್‌ಗೆ 17.7, ಕ್ಯಾನನ್ ಆರ್‌ಎಫ್‌ಗೆ 20, ನಿಕಾನ್ ಝಡ್‌ಗೆ 16 ಮಿ.ಮೀ. ಮಿಕ್ಕ ಜಾಗವನ್ನು ತುಂಬುವ ಟೊಳ್ಳು ಲೋಹದ ತುಂಡೇ ಅಡಾಪ್ಟರ್. ಎಂ42 ಲೆನ್ಸನ್ನು ಸೋನಿಗೆ ಹಾಕುವ ಅಡಾಪ್ಟರ್ 27.46 ಮಿ.ಮೀ. ಇರಬೇಕು, ಅದರಲ್ಲಿ ಗಾಜು ಇರಬೇಕಾಗಿಲ್ಲ.

ಮನೆಯಲ್ಲಿ ಡಿಎಸ್‌ಎಲ್‌ಆರ್ ಮಾತ್ರ ಇದ್ದವರು ಇಲ್ಲೇ ಎಚ್ಚರವಾಗಬೇಕು. ಕ್ಯಾನನ್ ಇಎಫ್ ಮೌಂಟಿನ ದೂರ 44 ಮಿ.ಮೀ.; ಒಂದೂವರೆ ಮಿಲಿಮೀಟರಿನ ತೆಳು ರಿಂಗು ಹಾಕಿದರೆ ಎಂ42 ಲೆನ್ಸು ಸಾಮಾನ್ಯವಾಗಿ ಸಲೀಸಾಗಿ ಕೂರುತ್ತದೆ. ನಿಕಾನ್ ಎಫ್ ಮೌಂಟಿನದು 46.5. ಅಲ್ಲಿ ಲೆನ್ಸು ಇರಬೇಕಾದ್ದಕ್ಕಿಂತ ಮುಂದಕ್ಕೆ ನಿಲ್ಲುವುದರಿಂದ ಹತ್ತಿರದ ಹೂವು ಸ್ಪಷ್ಟವಾಗುತ್ತದೆ, ದೂರದ ಬೆಟ್ಟ ಆಗುವುದಿಲ್ಲ. ಇದನ್ನು ಸರಿಪಡಿಸಲು ನಡುವೆ ಗಾಜು ಕೂರಿಸಿದ ಅಡಾಪ್ಟರುಗಳೂ ಸಿಗುತ್ತವೆ. ಒಳ್ಳೆಯ ಲೆನ್ಸಿನ ಹಿಂದೆ ಅಗ್ಗದ ಗಾಜು ಇಡುವ ಈ ಉಪಾಯ ಶಿಫಾರಸಿಗೆ ಯೋಗ್ಯವಲ್ಲ. ನಿಕಾನ್ ಡಿಎಸ್‌ಎಲ್‌ಆರ್ ಇದ್ದವರು ನಿಕಾನಿನದೇ ಹಳೆಯ 50 ಮಿ.ಮೀ. ಎಐ ಲೆನ್ಸು ಹುಡುಕುವುದು ಮೇಲು.

ಮೊದಲ ಲೆನ್ಸು 50ರಿಂದ 58 ಮಿ.ಮೀ. ನಡುವಿನದಾಗಿರಲಿ. ಫಿಲ್ಮ್ ಕ್ಯಾಮೆರಾ ಕೊಂಡವರಿಗೆ ಜೊತೆಯಲ್ಲೇ ಬರುತ್ತಿದ್ದದ್ದು ಈ ಅಳತೆಯ ಲೆನ್ಸು, ಹಾಗಾಗಿ ಲಕ್ಷಗಟ್ಟಲೆ ತಯಾರಾದವು, ಹಾಗಾಗಿಯೇ ಇಂದಿಗೂ ಅಗ್ಗ. ಸೋವಿಯತ್ ಜೆನಿಟ್ ಕ್ಯಾಮೆರಾದ ಹೀಲಿಯೋಸ್ 44-2 ಇವುಗಳಲ್ಲಿ ಅತಿ ಪ್ರಸಿದ್ಧ. ಜರ್ಮನಿಯ ಝೈಸ್ ಬಯೋಟಾರ್ 58 ಮಿ.ಮೀ. ಎಫ್/2ರ ಮಾದರಿಯನ್ನು ಅನುಸರಿಸಿ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆ ಇದನ್ನು ರೂಪಿಸಿತು. ಜಪಾನಿನ ಸೂಪರ್ ಟಕುಮಾರ್ 55 ಮಿ.ಮೀ. ಎಫ್/1.8 ಕಟ್ಟುವಿಕೆಯಲ್ಲಿ ಇದಕ್ಕಿಂತ ಬಹಳ ಮೇಲು. ಅದರ ರಿಂಗು ತಿರುಗುವ ನಯವನ್ನು ಅನುಭವಿಸಿದ ಕೈಗೆ ಈಗಿನ ಪ್ಲಾಸ್ಟಿಕ್ ಕಿಟ್ ಲೆನ್ಸು ಆಟಿಕೆಯೆನಿಸುತ್ತದೆ. ಪೂರ್ವ ಜರ್ಮನಿಯ ಪೆಂಟಕಾನ್ 50 ಮಿ.ಮೀ. ಎಫ್/1.8, ಪೆಂಟಾಕ್ಸ್ ಕೆ1000 ಜೊತೆ ಬರುತ್ತಿದ್ದ 50 ಮಿ.ಮೀ. ಲೆನ್ಸುಗಳೂ ಆಗಬಹುದು. ಹೆಸರಿಗಿಂತ ಆ ಒಂದು ಪ್ರತಿಯ ಸ್ಥಿತಿ ಮುಖ್ಯ.

ಸ್ಥಿತಿ ನೋಡಲು ಮೊಬೈಲಿನ ಟಾರ್ಚು ಸಾಕು. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚು ಹಾಯಿಸಿ, ಮುಂದಿನಿಂದ ಓರೆಯಾಗಿ ನೋಡಬೇಕು. ಜೇಡರಬಲೆಯಂತೆ ಕವಲೊಡೆದ ಎಳೆಗಳು ಕಂಡರೆ ಫಂಗಸ್, ಒಟ್ಟಾರೆ ಮಂಜು ಕವಿದಂತಿದ್ದರೆ ಹೇಜ್. ಅಂಚಿನಲ್ಲಿ ಮಳೆಬಿಲ್ಲಿನ ಬಣ್ಣದ ಕಲೆ ಕಂಡರೆ ಎರಡು ಗಾಜುಗಳನ್ನು ಅಂಟಿಸಿದ ಗೋಂದು ಬಿಡುತ್ತಿದೆ ಎಂದರ್ಥ, ಅಂಥದನ್ನು ಬಿಟ್ಟುಬಿಡಬೇಕು. ಒಂದೆರಡು ಧೂಳಿನ ಕಣ, ಮುಂದಿನ ಗಾಜಿನ ಸಣ್ಣ ಗೀರು ಚಿತ್ರದಲ್ಲಿ ಕಾಣುವುದೇ ಇಲ್ಲ, ಚೌಕಾಸಿಗೆ ಮಾತ್ರ ಒದಗುತ್ತವೆ. ಹಿಂದಿನ ಗಾಜಿನ ಗೀರು ಹಾಗಲ್ಲ. ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಹರಿದಿದ್ದರೆ ಎಸ್‌ಎಲ್‌ಆರ್‌ನಲ್ಲಿ ಅವು ಅಂಟಿಕೊಂಡು ತೊಂದರೆಯಾಗುತ್ತಿತ್ತು. ಅಡಾಪ್ಟರಿನಲ್ಲಿ ಅವನ್ನು ಕೈಯಿಂದಲೇ ಮುಚ್ಚಿ ತೆರೆಯುವುದರಿಂದ ಅಷ್ಟು ಭಯವಿಲ್ಲ. ಗಾಜು ಚಹಾದ ಬಣ್ಣಕ್ಕೆ ತಿರುಗಿದ್ದರೆ, ಮುಖ್ಯವಾಗಿ ಟಕುಮಾರ್ 50 ಮಿ.ಮೀ. ಎಫ್/1.4ರಲ್ಲಿ, ಅದು ಕೊಳೆಯಲ್ಲ. ಗಾಜಿನಲ್ಲಿ ಬೆರೆಸಿದ ಥೋರಿಯಂ ವರ್ಷಗಳುದ್ದಕ್ಕೂ ಸೂಸಿದ ವಿಕಿರಣದಿಂದ ಬಂದ ಹಳದಿ ಅದು. ನೇರಳಾತೀತ ಬೆಳಕಿಗೆ ಇಟ್ಟರೆ ಕೆಲವು ದಿನಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಬಿಸಿಲಿಗೇ ಇಡುವವರು ಲೆನ್ಸು ಭೂತಗನ್ನಡಿಯೂ ಹೌದೆಂಬುದನ್ನು ಮರೆಯಬಾರದು. ಹಿಂಬದಿಗೆ ಅಲ್ಯೂಮಿನಿಯಂ ಹಾಳೆ ಸುತ್ತದೆ ಕೃಷ್ಣಗಿರಿಯ ಏಪ್ರಿಲ್ ಬಿಸಿಲಲ್ಲಿ ಕಿಟಕಿ ಮೇಲಿಟ್ಟರೆ ಪರದೆಗೆ ಬೆಂಕಿ ಹತ್ತೀತು.

ಕ್ಯಾಮೆರಾದ ಸಿದ್ಧತೆ ಹೆಚ್ಚಿಲ್ಲ. ಲೆನ್ಸ್ ಇಲ್ಲದೆಯೂ ಶಟರ್ ಬೀಳಲು ಅನುಮತಿಸುವ ಆಯ್ಕೆಯನ್ನು ಮೆನುವಿನಲ್ಲಿ ತೆರೆಯಬೇಕು, ಏಕೆಂದರೆ ಕ್ಯಾಮೆರಾದ ಮಟ್ಟಿಗೆ ಅಲ್ಲಿ ಲೆನ್ಸೇ ಇಲ್ಲ. ಮೋಡ್ ‘ಎ’ಯಲ್ಲಿಟ್ಟರೆ ಅಪರ್ಚರ್ ಕೈಯಲ್ಲಿ, ಶಟರ್ ವೇಗ ಕ್ಯಾಮೆರಾದ ಲೆಕ್ಕದಲ್ಲಿ. ಬಾಡಿಯೊಳಗೇ ಅಲುಗಾಟ ತಡೆಯುವ ವ್ಯವಸ್ಥೆಯಿದ್ದರೆ ಲೆನ್ಸಿನ ಮಿಲಿಮೀಟರನ್ನು ಕೈಯಾರೆ ತುಂಬಬೇಕು. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರುವ ಪೀಕಿಂಗ್ ಹೊಸಬರಿಗೆ ಹಿತವಾದರೂ ಎಫ್/2ರಲ್ಲಿ ಅದನ್ನು ನಂಬಿದವರು ಕಣ್ಣಿನ ಬದಲು ಕಿವಿ ಸ್ಪಷ್ಟವಾದ ಚಿತ್ರಗಳೊಂದಿಗೆ ಮನೆಗೆ ಮರಳುತ್ತಾರೆ. ಪರದೆಯನ್ನು ಹಿಗ್ಗಿಸಿ ನೋಡಿ ರಿಂಗು ತಿರುಗಿಸುವುದೇ ಖಾತ್ರಿ. ಹಲವು ಎಂ42 ಲೆನ್ಸುಗಳ ಹಿಂಬದಿಯಲ್ಲಿ ಸಣ್ಣ ಕಡ್ಡಿಯೊಂದು ಇರುತ್ತದೆ. ಅದನ್ನು ಒತ್ತಿ ಹಿಡಿಯುವ ಅಂಚಿರುವ ಅಡಾಪ್ಟರನ್ನೇ ಕೊಳ್ಳಬೇಕು, ಇಲ್ಲವಾದರೆ ಕೆಲವು ಲೆನ್ಸುಗಳಲ್ಲಿ ರಿಂಗು ತಿರುಗಿಸಿದರೂ ಎಲೆಗಳು ಮುಚ್ಚುವುದಿಲ್ಲ. ಹೀಲಿಯೋಸ್ 44-2ಕ್ಕೆ ಆ ಕಡ್ಡಿಯ ಗೊಡವೆಯಿಲ್ಲ.

ಇಷ್ಟಾದ ಮೇಲೆ ನೋಡುವ ಕಲೆ. ಹಳೆ ಲೆನ್ಸಿನ ರುಚಿ ಅದರ ವಿನ್ಯಾಸ ಬಗೆಹರಿಸದೆ ಬಿಟ್ಟ ದೋಷಗಳಲ್ಲಿದೆ. ಯಾವ ದೋಷ ಯಾವ ಬೆಳಕಿನಲ್ಲಿ ಹೊರಬರುತ್ತದೆ ಎಂದು ಗುರುತಿಸುವವರೆಗೆ ರಸಿಕತನ ಮೊದಲಾಗುವುದಿಲ್ಲ. ಫಂಗಸ್ಸಿನ ಮಂಜನ್ನೂ ವಿನ್ಯಾಸದ ಮೃದುತನವನ್ನೂ ಒಂದೇ ಎಂದು ತಿಳಿದು ಎರಡನ್ನೂ ಹೊಗಳುವವರು ಬಹಳ.

ಎಲ್ಲರೂ ಮೊದಲು ಕೇಳುವುದು ಹೀಲಿಯೋಸಿನ ಸುಳಿಯನ್ನು. ಹೊಂಗೆಯ ನೆರಳಿನಲ್ಲಿ ಒಬ್ಬರನ್ನು ಎರಡು ಮೀಟರು ದೂರ ನಿಲ್ಲಿಸಿ, ಅವರ ಹಿಂದೆ ಐದಾರು ಮೀಟರಿಗೆ ಎಲೆಗಳ ಸಂದಿನಿಂದ ಬೆಳಕು ತೂರುವಂತೆ ನೋಡಿಕೊಂಡು, ಎಫ್/2ರಲ್ಲಿ ತೆಗೆದರೆ ಹಿನ್ನೆಲೆ ಮುಖದ ಸುತ್ತ ತಿರುಗಿದಂತೆ ಕಾಣುತ್ತದೆ. ಚೌಕಟ್ಟಿನ ನಡುವೆ ಬೆಳಕಿನ ಚುಕ್ಕೆಗಳು ಗುಂಡಗಿರುತ್ತವೆ. ಅಂಚಿಗೆ ಹೋದಂತೆ ಲೆನ್ಸಿನ ಕೊಳವೆಯೇ ಓರೆ ಕಿರಣಗಳ ಒಂದು ಪಾಲನ್ನು ತಡೆಯುವುದರಿಂದ ಅವು ಬೆಕ್ಕಿನ ಕಣ್ಣಿನ ಆಕಾರಕ್ಕೆ ಬರುತ್ತವೆ. ಆ ಕಣ್ಣುಗಳೆಲ್ಲ ಕೇಂದ್ರವನ್ನು ಬಳಸಿ ಸಾಲಾಗುವುದರಿಂದ ಸುಳಿಯ ಭ್ರಮೆ. ಫುಲ್ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರು ಅಂಚನ್ನು ಕತ್ತರಿಸಿಬಿಡುವುದರಿಂದ ಅಲ್ಲಿ ಸುಳಿ ಬಹುಪಾಲು ಮಾಯ, 58 ಮಿ.ಮೀ. ಅಲ್ಲಿ 87 ಮಿ.ಮೀ. ಲೆನ್ಸಿನಷ್ಟು ಇಕ್ಕಟ್ಟಾಗಿ ನೋಡುತ್ತದೆ. ಅದರಿಂದ ನಷ್ಟವೇನಿಲ್ಲ. ಸುಳಿ ಹತ್ತು ಚಿತ್ರಕ್ಕೆ ಚೆಂದ, ಹನ್ನೊಂದನೆಯದಕ್ಕೆ ಬೇಸರ.

ಅದಕ್ಕಿಂತ ಗಹನವಾದದ್ದು ಅಪರ್ಚರ್ ಪೂರ್ತಿ ತೆರೆದಾಗ ಸ್ಪಷ್ಟತೆಯ ಮೇಲೆ ಕೂರುವ ತೆಳು ಪ್ರಭೆ. ಇದನ್ನು ಅರಿಯಲು ಹೊಸೂರು ಸುತ್ತಿನ ಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳಿಗಿಂತ ಒಳ್ಳೆಯ ಪಾಠವಿಲ್ಲ. ಬೆಳಗಿನ ಓರೆ ಬಿಸಿಲಲ್ಲಿ ಒಂದೇ ಕಲ್ಲನ್ನು ಎಫ್/2, 2.8, 4, 8ರಲ್ಲಿ ಸಾಲಾಗಿ ತೆಗೆದು ಪಕ್ಕಪಕ್ಕ ಇಡಬೇಕು. ಎಫ್/2ರಲ್ಲಿ ವೀರನ ಕತ್ತಿಯ ಗೆರೆ ಖಚಿತವಾಗಿಯೇ ಇರುತ್ತದೆ, ಆದರೆ ಬಿಸಿಲು ಬಿದ್ದ ಅಂಚು ಸುತ್ತಲಿನ ನೆರಳಿಗೆ ಸ್ವಲ್ಪ ಸೋರುತ್ತದೆ. ಗಾಜಿನ ಅಂಚಿನಿಂದ ಬಂದ ಕಿರಣಗಳು ನಡುವಿನಿಂದ ಬಂದವುಗಳೊಡನೆ ಒಂದೇ ಬಿಂದುವಿನಲ್ಲಿ ಕೂಡದಿರುವುದು ಇದಕ್ಕೆ ಕಾರಣ. ಎಫ್/4ಕ್ಕೆ ಬರುವಾಗ ಸೋರಿಕೆ ನಿಂತು ಕಲ್ಲು ಕಲ್ಲಾಗುತ್ತದೆ. ಯಾವ ಎಫ್-ಅಂಕಿಯ ನಿಲ್ದಾಣದಲ್ಲಿ ಅದು ಬದಲಾಗುತ್ತದೆ ಎಂಬುದು ಲೆನ್ಸಿನಿಂದ ಲೆನ್ಸಿಗೆ ಬೇರೆ. ತನ್ನ ಲೆನ್ಸಿನ ಆ ನಿಲ್ದಾಣ ಗೊತ್ತಿರುವವರು ಮುಖ ತೆಗೆಯುವಾಗ ಅದರ ಈಚೆ, ಶಿಲ್ಪ ತೆಗೆಯುವಾಗ ಅದರ ಆಚೆ ನಿಲ್ಲುತ್ತಾರೆ.

ಗುಳ್ಳೆಯಂಥ ಹಿನ್ನೆಲೆ ಇನ್ನೊಂದು ವಿಶೇಷ. 1893ರಲ್ಲಿ ಇಂಗ್ಲೆಂಡಿನ ಡೆನ್ನಿಸ್ ಟೇಲರ್ ರೂಪಿಸಿದ ಮೂರು ಗಾಜಿನ ವಿನ್ಯಾಸದ ಲೆನ್ಸುಗಳಲ್ಲಿ ಹಿನ್ನೆಲೆಯ ಪ್ರತಿ ಚುಕ್ಕೆಗೂ ಹೊಳೆಯುವ ಅಂಚು ಮೂಡುತ್ತದೆ. ಇದಕ್ಕೆ ಹೆಸರಾದ ಮೇಯರ್ ಟ್ರಯೋಪ್ಲಾನ್ 100 ಮಿ.ಮೀ. ಈಗ ಅಗ್ಗದ ಪಟ್ಟಿಯಲ್ಲಿಲ್ಲ. ಅದೇ ಮೂರು ಗಾಜಿನ ಡೊಮಿಪ್ಲಾನ್ 50 ಮಿ.ಮೀ. ಇದೆ, ಕಟ್ಟುವಿಕೆ ಮಾತ್ರ ಅಷ್ಟಕ್ಕಷ್ಟೆ. ಕೆಲವರಪಳ್ಳಿ ಜಲಾಶಯದ ನೀರಿನ ಮೇಲೆ ಸಂಜೆ ಬಿಸಿಲು ಮಿನುಗುವಾಗ ದಡದ ಹುಲ್ಲಿಗೆ ಫೋಕಸ್ ಮಾಡಿದರೆ ಹಿಂದಿನ ದಕ್ಷಿಣ ಪಿನಾಕಿನಿ ಗುಳ್ಳೆಗಳ ರಾಶಿಯಾಗುತ್ತದೆ. ಗಲಿಬಿಲಿಯ ಪೊದೆಯ ಮುಂದೆ ಇದೇ ಗುಣ ಕಣ್ಣಿಗೆ ಹಿಂಸೆ.

ಎದುರು ಬೆಳಕು ಹಳೆ ಲೆನ್ಸಿನ ಪರೀಕ್ಷೆ. ಲೇಪನವಿಲ್ಲದ ಗಾಜಿನ ಪ್ರತಿ ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 4ರಷ್ಟನ್ನಾದರೂ ಹಿಂದಕ್ಕೆ ಎಸೆಯುತ್ತದೆ. ಹೀಲಿಯೋಸಿನಂತೆ ಆರು ಗಾಜು ನಾಲ್ಕು ಗುಂಪಾಗಿರುವ ಲೆನ್ಸಿಗೆ ಗಾಳಿ ತಾಗುವ ಮೈಗಳು ಎಂಟು. ಲೇಪನವೇ ಇಲ್ಲದಿದ್ದರೆ ಕಾಲು ಪಾಲಿಗಿಂತ ಹೆಚ್ಚು ಬೆಳಕು ದಾರಿಯಲ್ಲೇ ಕಳೆದುಹೋಗುತ್ತಿತ್ತು. ಝೈಸ್ ಕಂಪನಿಯ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ಕಂಡುಕೊಂಡ ಲೇಪನ ಇದನ್ನು ತಗ್ಗಿಸಿತು, 1971ರಲ್ಲಿ ಪೆಂಟಾಕ್ಸ್ ತಂದ ಬಹುಪದರ ಲೇಪನ ಇನ್ನಷ್ಟು. ಒಂದೇ ಪದರದ ಲೆನ್ಸು ಹಿಡಿದು ಸೂರ್ಯ ಇಳಿಯುವ ಹೊತ್ತಿಗೆ ಚಂದ್ರಚೂಡೇಶ್ವರ ಬೆಟ್ಟದ ಬುಡದಲ್ಲಿ ನಿಂತು, ಗೋಪುರದ ಅಂಚಿಗೆ ಸೂರ್ಯನನ್ನು ತಂದರೆ ನೆರಳುಗಳೆಲ್ಲ ತಿಳಿಯಾಗಿ ಚಿತ್ರದ ಮೇಲೆ ಹೊಂಬಣ್ಣದ ಪೊರೆ ಬೀಳುತ್ತದೆ. ಅರ್ಧ ಹೆಜ್ಜೆ ಸರಿದು ಸೂರ್ಯನನ್ನು ಗೋಪುರದ ಹಿಂದೆ ಮರೆಮಾಡಿದರೆ ಪೊರೆ ಹರಿಯುತ್ತದೆ. ಆ ಅರ್ಧ ಹೆಜ್ಜೆಯ ಹಿಡಿತ ಬರುವವರೆಗೆ ಲೆನ್ಸಿಗೆ ಹುಡ್ ಹಾಕಿಕೊಳ್ಳುವುದು ಒಳಿತು. ಹುಡ್ ಇಲ್ಲದೆ ತೆಗೆದ ಮಧ್ಯಾಹ್ನದ ಚಿತ್ರಗಳು ಪೇಲವವಾಗುವುದು ಹೆಚ್ಚಾಗಿ ಹೊರಗಿನ ಆಕಾಶದಿಂದ, ಲೆನ್ಸಿನ ತಪ್ಪಿನಿಂದಲ್ಲ.

ಅಂಚಿನ ಸ್ಪಷ್ಟತೆ ತಿಳಿಯಬೇಕಾದರೆ ಕೃಷ್ಣಗಿರಿ ಕೋಟೆಯ ಕಲ್ಲುಗೋಡೆಗೆ ನೇರ ನಿಂತು ತೆಗೆದರಾಯಿತು. ಪಾಲಿಹೌಸಿನ ಕೆಂಪು ಗುಲಾಬಿಯಲ್ಲಿ ಬಣ್ಣದ ವ್ಯತ್ಯಾಸ ಕಾಣುತ್ತದೆ. ರಾ ಫೈಲಿನಲ್ಲಿ ತೆಗೆದರೆ ವೈಟ್ ಬ್ಯಾಲೆನ್ಸ್‌ನಿಂದ ಬಹುಪಾಲು ಸರಿಹೋಗುವ ಕಾರಣ ಅದಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ.

ಓಡುವುದನ್ನು ಹಿಡಿಯಲು ಹಳಬರು ರಿಂಗನ್ನು ಮುಟ್ಟುತ್ತಲೇ ಇರಲಿಲ್ಲ. ಲೆನ್ಸಿನ ಮೇಲೆ ಕೊರೆದ ಅಂಕಿಗಳು ಇದಕ್ಕೇ ಇವೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ ಇಟ್ಟು 5 ಮೀಟರಿಗೆ ತಿರುಗಿಸಿದರೆ ಸುಮಾರು ಮೂರೂವರೆ ಮೀಟರಿನಿಂದ ಒಂಬತ್ತೂವರೆ ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಹೊಸೂರಿನ ತೇರಿನ ದಿನ ಹಗ್ಗ ಎಳೆಯುವ ಜನರ ನಡುವೆ ಫೋಕಸ್ ಹುಡುಕುವ ಗೋಜಿಲ್ಲದೆ ಕ್ಲಿಕ್ಕಿಸಬಹುದು. ಈ ಅಂಕಿಗಳು ಫಿಲ್ಮಿನ ಕಾಲದ ಸಣ್ಣ ಪ್ರಿಂಟಿಗೆ ಹೊಂದಿದವು. ದೊಡ್ಡ ಸೆನ್ಸರಿನ ಚಿತ್ರವನ್ನು ಹಿಗ್ಗಿಸಿ ನೋಡುವವರು ಎಫ್/11ಕ್ಕೆ ಮುಚ್ಚಿ, ಎಫ್/8ರ ಗುರುತನ್ನು ನಂಬುವುದು ಕ್ಷೇಮ. ಡೆಂಕಣಿಕೋಟೆ ಕಾಡಂಚಿನ ಆನೆ, ಮುಹೂರ್ತದ ಮಾಂಗಲ್ಯಧಾರಣೆ, ಇವಕ್ಕೆ ಆಟೊಫೋಕಸ್ಸೇ ಸರಿ.

ಎರಡನೆಯ ಲೆನ್ಸು ಬೇಕೆನಿಸಿದಾಗ 135 ಮಿ.ಮೀ. ನೋಡಬೇಕು. ಫಿಲ್ಮ್ ಕಾಲದಲ್ಲಿ ಅನೇಕ ಹವ್ಯಾಸಿಗಳು ಎರಡನೆಯದಾಗಿ ಕೊಂಡದ್ದು ಅದನ್ನೇ, ಈಗ ಕೇಳುವವರು ಕಡಿಮೆ, ಹಾಗಾಗಿ ಒಳ್ಳೆಯದೂ ಅಗ್ಗಕ್ಕೆ ಸಿಗುತ್ತದೆ. ಹಳೆಯ 28 ಮಿ.ಮೀ. ಲೆನ್ಸುಗಳಲ್ಲಿ ಅಗ್ಗದವು ಅಂಚಿನಲ್ಲಿ ಬಹಳ ಸೋಲುತ್ತವೆ. ಅಲ್ಲಿ ಮೊಬೈಲಿನ ಕ್ಯಾಮೆರಾವೇ ವಾಸಿ.

ಹೊಸೂರು ಒಂಬೈನೂರು ಮೀಟರಿನ ಆಸುಪಾಸಿನ ಎತ್ತರದ ತಂಪು ಊರು, ಅಕ್ಟೋಬರ್-ನವೆಂಬರಿನ ಹಿಂಗಾರು ಮಳೆಯಲ್ಲಿ ಗೋಡೆ, ಬೀರುಗಳೆಲ್ಲ ತೇವ ಹಿಡಿಯುತ್ತವೆ. ಚರ್ಮದ ಕೇಸು ತೇವ ಹೀರಿ ಫಂಗಸ್ಸಿಗೆ ಮನೆ ಮಾಡಿಕೊಡುವುದರಿಂದ ಲೆನ್ಸನ್ನು ಅದರಿಂದ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಬೇಕು. ಜೆಲ್ಲಿನ ಬಣ್ಣ ಬದಲಾದಾಗ ಅದನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿದು ಮತ್ತೆ ಬಳಸಬಹುದು; ಆ ಬಾಣಲೆ ಅಡುಗೆಗೆ ಹಿಂತಿರುಗಬಾರದು. ಫಂಗಸ್ ಹಿಡಿದ ಲೆನ್ಸನ್ನು ಬೇರೆ ಡಬ್ಬಿಯಲ್ಲಿಡಬೇಕು. ಮಳೆ ಬಿಟ್ಟ ದಿನ ಎಲ್ಲವನ್ನೂ ಹೊರತೆಗೆದು, ರಿಂಗುಗಳನ್ನು ಆ ಕೊನೆಯಿಂದ ಈ ಕೊನೆಗೆ ಕೆಲವು ಸಲ ತಿರುಗಿಸಿಟ್ಟರೆ ಒಳಗಿನ ಗ್ರೀಸು ಗಟ್ಟಿಯಾಗುವುದಿಲ್ಲ.