ಮೇಲಿನದೆಲ್ಲ ಸತ್ಯ

ಫ್ರೆಶರ್‌ಗಳ ರೆಸ್ಯೂಮೆ ಓದೋ ಕೆಲಸ ಈಗ ನನ್ನ ತಲೆಗೆ ಬಿದ್ದಿದೆ. ಹತ್ತು ಓದಿದರೂ ಒಂದನ್ನೇ ಹತ್ತು ಸಲ ಓದಿದ ಹಾಗೆ. ಮೇಲೆ ಆಬ್ಜೆಕ್ಟಿವ್: ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಏಳಿಗೆಗೆ ಶ್ರಮಿಸುವೆ. ನಡುವೆ ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ. ಕೊನೆಗೆ ಅಪ್ಪನ ಹೆಸರು, ಹುಟ್ಟಿದ ದಿನಾಂಕ, 'ಮೇಲಿನದೆಲ್ಲ ಸತ್ಯ' ಅನ್ನೋ ಪ್ರಮಾಣ. ಸತ್ಯ ಎಲ್ಲಿದೆ ಅಂತ ಹುಡುಕಬೇಕು!

ಬೈಯೋಕೆ ನನಗೇನೂ ಹಕ್ಕಿಲ್ಲ. ನನ್ನದೂ ಸೀನಿಯರ್ ಪೆನ್‌ಡ್ರೈವ್‌ನಿಂದ ಬಂದದ್ದೇ. ಮೊದಲ ಇಂಟರ್‌ವ್ಯೂನಲ್ಲಿ 'ಸವಾಲಿನ ವಾತಾವರಣ ಅಂದ್ರೆ ಏನಪ್ಪಾ?' ಅಂದಾಗ ಬಾಯಿ ಕಟ್ಟಿಹೋಯ್ತು. ಅದೇ ವರ್ಷ ರಜೆಯಲ್ಲಿ ನಮ್ಮೂರ ಹಾಲಿನ ಡೇರಿ ಲೆಕ್ಕವನ್ನು ಎಕ್ಸೆಲ್‌ಗೆ ಹಾಕಿಕೊಟ್ಟಿದ್ದೆ. ಲೀಟರ್, ಫ್ಯಾಟ್ ನೋಡಿ ಮನೆಮನೆಯ ಬಟವಾಡೆ ತೆಗೆಯೋ ಫಾರ್ಮುಲಾ ನನ್ನದೇ. ಬರೆಯಲಿಲ್ಲ. ಹಳ್ಳಿ ಕೆಲಸ ಅಂತ ನಾಚಿಕೆ. ಆ ನೌಕರಿ ಸಿಗಲಿಲ್ಲ.

ಅದಕ್ಕೇ ಹೇಳ್ತೀನಿ: ಆಬ್ಜೆಕ್ಟಿವ್ ಅಳಿಸಿ. ಒಂದೇ ಪುಟ ಸಾಕು. ಪ್ರಾಜೆಕ್ಟ್ ನಾಲ್ಕು ಜನ ಸೇರಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಬರೆಯಿರಿ. ಸಿ, ಜಾವಾ, ಪೈಥಾನ್ ಅಂತ ಪಟ್ಟಿ ಬೆಳೆಸುವ ಬದಲು ಯಾವುದರಲ್ಲಿ ಏನು ಮಾಡಿದಿರಿ ಅನ್ನೋದು ಬರಲಿ. ಯಾರಾದರೂ ಕೇಳಿದರೆ ಐದು ನಿಮಿಷ ಮಾತಾಡೋಕೆ ಆಗದ ಸಾಲನ್ನು ತೆಗೆದುಬಿಡಿ. ಡೇರಿ ಲೆಕ್ಕ ಮಾಡಿದ್ದರೆ ಅದನ್ನೇ ಮೊದಲು ಹಾಕಿ. ಆಗ ಪ್ರಮಾಣವೇ ಬೇಕಾಗೋದಿಲ್ಲ.